ಗಿರಾಕಿಗೆಂದು ಇಟ್ಟ ಸರಕು

ಬೇಯಾನ್, ನ್ಯೂಜೆರ್ಸಿ
14 ನವೆಂಬರ್ 2011

ಮಗ ಟ್ಯಾಡ್‌ಗೆ,

ನಿನ್ನ ಆಫೀಸಿಗೆ ಫೋನ್ ಮಾಡೋಣ ಅಂತ ಎರಡು ಸಲ ಎತ್ತಿ ಎರಡು ಸಲವೂ ಇಟ್ಟೆ. ಬ್ಯಾಂಕಿನ ಫೋನಿನಲ್ಲಿ ಆಡಿದ್ದೆಲ್ಲ ರೆಕಾರ್ಡ್ ಆಗುತ್ತದೆ, ಕೆಲಸದ ಮಾತು ಅಲ್ಲಿ ಬೇಡ ಅಂತ ನೀನೇ ಹೇಳಿದ್ದೆಯಲ್ಲ. ಸ್ಟ್ಯಾಮ್‌ಫರ್ಡ್ ಮನೆಗೆ ಮಾಡಿದರೆ ಮೆರೆಡಿತ್ ಎತ್ತಿ "ಅವರಿನ್ನೂ ಬಂದಿಲ್ಲ ಅತ್ತೆ" ಅನ್ನುತ್ತಾಳೆ. ಅದಕ್ಕೇ ಕಾಗದ ಬರೆಯುತ್ತಿದ್ದೀನಿ.

ಭಾನುವಾರ ಊಟದ ಹೊತ್ತಿನಲ್ಲಿ ನೀನು ಹೇಳಿದ್ದು ನನ್ನ ತಲೆಗೆ ಪೂರ್ತಿ ಹೋಗಲಿಲ್ಲ. ನನ್ನ ಓದು ಒಂಬತ್ತನೇ ಕ್ಲಾಸು, ಅದೂ ಅರ್ಧ. ಅಮ್ಮನಿಗೆ ಪಾರ್ಶ್ವವಾಯು ಹೊಡೆದ ಮೇಲೆ ನಾನು ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ್ದು ಅಡುಗೆಯವಳಾಗಿಯೇ. ನನಗೆ ತಿಳಿದಷ್ಟು ಬರೆಯುತ್ತೀನಿ, ತಪ್ಪಿದ್ದರೆ ತಿದ್ದು. ಮೂರು ವರ್ಷದ ಹಿಂದೆ ಬ್ಯಾಂಕುಗಳು ತಮ್ಮ ಲಾಭಕ್ಕೆ ಅಂತ ಆಡಬಾರದ ಆಟ ಆಡಿ ಮುಳುಗಿದವು, ಎಲ್ಲರನ್ನೂ ಮುಳುಗಿಸಿದವು. ಅದಕ್ಕೆ ಸರ್ಕಾರ ಈಗ ನಿಯಮ ಬರೆಯುತ್ತಿದೆ. ಗಿರಾಕಿ ಕೇಳಿದರೆ ಬ್ಯಾಂಕು ಕೊಳ್ಳಬಹುದು, ಮಾರಬಹುದು. ತನ್ನ ಸ್ವಂತಕ್ಕೆ ಆಡುವ ಹಾಗಿಲ್ಲ. ಶ್ರೀಮಂತರ ದುಡ್ಡು ಕಲೆಹಾಕಿ ಆಡುವ ನಿಧಿಗಳಿವೆಯಲ್ಲ, ಅವುಗಳಲ್ಲಿ ಪಾಲು ಇಟ್ಟುಕೊಳ್ಳುವ ಹಾಗೂ ಇಲ್ಲ, ಇಟ್ಟರೆ ಚಿಟಿಕೆಯಷ್ಟು. ಸರಿಯಾ?

ನಿನ್ನ ವಿಭಾಗ ಇರುವುದೇ ಸ್ವಂತಕ್ಕೆ ಆಡುವುದಕ್ಕೆ. ಹಾಗಾದರೆ ನಿನ್ನ ಕೆಲಸ?

ಕೇಳಿದರೆ ನೀನು ನಕ್ಕೆ. ಫಲಕ ಬದಲಾಯಿಸಿ 'ಗಿರಾಕಿ ಸೇವೆ' ಅಂತ ಹಾಕಿದ್ದಾರೆ, ಅದೇ ಆರು ಜನ, ಅದೇ ಕುರ್ಚಿ ಅಂದೆ. ಎಲೆಕೋಸಿನ ಸುರುಳಿ ಇನ್ನೊಂದು ಹಾಕಮ್ಮ ಅಂದೆ, ಹಾಕಿದೆ. ನೀನು ನಗುತ್ತಾ ತಿಂದರೆ ನನಗೆ ಭಯ ಜಾಸ್ತಿ. ಎಣ್ಣೆ ಕಾರ್ಖಾನೆ ಮುಚ್ಚಿದ ವಾರ ನಿಮ್ಮಪ್ಪನೂ ಹೀಗೇ ನಗುತ್ತಾ ಎರಡೆರಡು ಸಲ ಹಾಕಿಸಿಕೊಂಡಿದ್ದ.

ಟೆಸ್ಸಾಳ ಇನ್ಸುಲಿನ್ ಬ್ಯಾಂಕಿನ ವಿಮೆಯಲ್ಲೇ ಬರುವುದು ತಾನೇ? ಕೆಲಸ ಹೋದರೆ ವಿಮೆಯೂ ಹೋಗುತ್ತದಾ? ಅಥವಾ ಒಂದೆರಡು ತಿಂಗಳು ಇರುತ್ತದಾ? ಏಳು ವರ್ಷದ ಮಗು. ಇದೊಂದು ಮಾತ್ರ ಬರೆದು ತಿಳಿಸು.

ನಿನ್ನ
ಅಮ್ಮ


ಸ್ಟ್ಯಾಮ್‌ಫರ್ಡ್
28 ನವೆಂಬರ್ 2011

ಅಮ್ಮಾ,

ಆಕಾಶ ಬೀಳುತ್ತೆ ಅಂತ ನೀನು ನಲವತ್ತು ವರ್ಷದಿಂದ ತಲೆ ಮೇಲೆ ಕೈಯಿಟ್ಟುಕೊಂಡೇ ಓಡಾಡ್ತಿದ್ದೀಯ. ಇನ್ನೂ ಬಿದ್ದಿಲ್ಲ. ಟೆಸ್ಸಾ ಚೆನ್ನಾಗಿದ್ದಾಳೆ, ವಿಮೆಯೂ ಚೆನ್ನಾಗಿದೆ.

ನೀನು ಅರ್ಥಮಾಡಿಕೊಂಡಿದ್ದು ಸರಿಯಾಗೇ ಇದೆ. ಆದರೆ ನಿಯಮ ಇನ್ನೂ ಕರಡು. ಜನವರಿ ಮಧ್ಯದ ತನಕ ಯಾರು ಬೇಕಾದರೂ ವಾಷಿಂಗ್ಟನ್ನಿಗೆ ತಮ್ಮ ಅಭಿಪ್ರಾಯ ಬರೆಯಬಹುದು. ನಮ್ಮ ಬ್ಯಾಂಕಿನವರು ಒಂದು ಕಾಗದ ಸಿದ್ಧಮಾಡಿ ಮನೆಮಂದಿಯಿಂದ ಸಹಿ ಹಾಕಿಸಿ ಅಂತ ಎಲ್ಲರಿಗೂ ಕೊಟ್ಟಿದ್ದಾರೆ. ನಿನ್ನ ಪ್ರತಿ ಇದರ ಜೊತೆಗಿದೆ. ಕೆಳಗೆ ಹೆಸರು ಬರೆದು ಸಹಿ ಹಾಕಿ ಪೋಸ್ಟ್ ಮಾಡು. ಅಷ್ಟೇ. ಓದುವುದೂ ಬೇಡ, ಓದಿದರೆ ಹೊಸ ಚಿಂತೆ ಹುಟ್ಟಿಸಿಕೊಳ್ತೀಯ.

ಕ್ರಿಸ್‌ಮಸ್‌ಗೆ ಬರೋಕಾಗಲ್ಲ. ಮೆರೆಡಿತ್ ಅಪ್ಪ ಅಮ್ಮನ ಸರದಿ.

ಟ್ಯಾಡ್


ಬೇಯಾನ್, ನ್ಯೂಜೆರ್ಸಿ
9 ಜನವರಿ 2012

ಬ್ಯಾಂಕುಗಳ ನಿಯಮ ಬರೆಯುತ್ತಿರುವ ವಾಷಿಂಗ್ಟನ್ನಿನ ಅಧಿಕಾರಿಗಳಿಗೆ,

ಮಾನ್ಯರೇ, ನನ್ನ ಬರವಣಿಗೆಯಲ್ಲಿ ತಪ್ಪುಗಳಿದ್ದರೆ ಕ್ಷಮಿಸಬೇಕು. ನಾನು ಹೆಚ್ಚು ಓದಿದವಳಲ್ಲ. ಇಪ್ಪತ್ತಾರು ವರ್ಷ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿದ್ದೇನೆ. ನನ್ನ ಮಗ ಟ್ಯಾಡ್ ಸ್ಟ್ಯಾಮ್‌ಫರ್ಡ್‌ನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾನೆ. ನಿಮ್ಮ ನಿಯಮದಿಂದ ಅವನ ಕೆಲಸ ಹೋಗುತ್ತದೋ ಎಂಬ ಭಯದಿಂದ ಬರೆಯುತ್ತಿದ್ದೇನೆ.

ಗಿರಾಕಿಗೆಂದು ಸರಕು ಇಡಬಹುದು, ಸ್ವಂತಕ್ಕೆ ಇಡಬಾರದು ಎಂದು ನೀವು ಹೇಳುತ್ತೀರಿ. ಅಡುಗೆಮನೆಯಲ್ಲಿ ಇದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಬೆಳಿಗ್ಗೆ ಹತ್ತಕ್ಕೇ ಮುನ್ನೂರು ತಟ್ಟೆ ಮ್ಯಾಕರೋನಿ ಸಿದ್ಧವಾಗಬೇಕು. ಹನ್ನೆರಡಕ್ಕೆ ಇನ್ನೂರ ಎಂಬತ್ತೇ ಮಕ್ಕಳು ಬಂದರೆ ಇಪ್ಪತ್ತು ತಟ್ಟೆ ಉಳಿಯುತ್ತದೆ. ಅದು ಕಳ್ಳತನವಲ್ಲ. ಮಕ್ಕಳು ಬಂದಾಗ ಇಲ್ಲ ಅನ್ನಬಾರದಲ್ಲ, ಅದಕ್ಕೆ ಇಡುವುದು. ನನ್ನ ಮಗನೂ ಹಾಗೆಯೇ. ಅವನ ಸರಕು ಕೆಡುವಂಥದ್ದಲ್ಲವಾದ್ದರಿಂದ ಹೆಚ್ಚು ದಿನ ಇಡುತ್ತಾನೆ, ಅಷ್ಟೇ ವ್ಯತ್ಯಾಸ. ಅವನು ಬಹಳ ತಾಳ್ಮೆಯವನು. ಒಂದು ಕಂತೆ ಸಾಲಪತ್ರಗಳನ್ನು ಏಳು ತಿಂಗಳು ಇಟ್ಟುಕೊಂಡು ಕೂತಿದ್ದಾರಂತೆ. ಒಬ್ಬ ಗಿರಾಕಿಯೂ ಕೇಳಿಲ್ಲವಂತೆ, ಆದರೂ ಬೆಲೆ ಏರುವ ತನಕ ಕೈಬಿಡುವುದಿಲ್ಲ ಎಂದು ನಮ್ಮ ಮನೆಯ ಊಟದ ಮೇಜಿನಲ್ಲಿ ಹೇಳಿದ. ಇಂಥ ತಾಳ್ಮೆ ಈಗಿನ ಹುಡುಗರಲ್ಲಿ ಎಲ್ಲಿದೆ?

ಅವರು ನಿಮ್ಮ ಮಾತನ್ನು ಕೇಳುವವರೇ. ನಿಯಮ ಇನ್ನೂ ಬರುವ ಮೊದಲೇ ವಿಭಾಗಕ್ಕೆ 'ಗಿರಾಕಿ ಸೇವೆ' ಎಂದು ಹೆಸರಿಟ್ಟಿದ್ದಾರೆ. ಕೆಲಸ ಅದೇ ಆದರೂ ಹೆಸರನ್ನಾದರೂ ಬದಲಾಯಿಸಿದರಲ್ಲ. ನಿಧಿಯ ಪಾಲನ್ನೂ ಮಾರಿದ್ದಾರೆ. ಕೊಂಡವರು ಇದೇ ವಿಭಾಗದಲ್ಲಿ ಮೊದಲು ಇದ್ದವರಂತೆ, ಪರಿಚಯದವರು. ಹಾಗಾಗಿ ಮೋಸ ಹೋಗುವ ಭಯವಿಲ್ಲ.

ದಯವಿಟ್ಟು ಅವನ ಕೆಲಸ ತೆಗೆಯಬೇಡಿ. ಅವನ ಮಗಳಿಗೆ ಸಕ್ಕರೆ ಕಾಯಿಲೆ ಇದೆ.

ನಿಮ್ಮ ವಿಶ್ವಾಸಿ,
ಜೆನೆವೀವ್ ಜಾರ್ನೆಕಿ


ಬೇಯಾನ್
11 ಜನವರಿ 2012

ಮಗ ಟ್ಯಾಡ್‌ಗೆ,

ಬೈಯಬೇಡ. ನೀನು ಕಳಿಸಿದ ಕಾಗದಕ್ಕೆ ನಾನು ಸಹಿ ಹಾಕಲಿಲ್ಲ. ಓದಬೇಡ ಅಂದಿದ್ದೆ, ಓದಿದೆ. 'ಮಾರುಕಟ್ಟೆಯ ದ್ರವ್ಯತೆ' ಅಂತೆಲ್ಲ ಇದೆ. ಅದನ್ನು ಜೆನೆವೀವ್ ಜಾರ್ನೆಕಿ ಬರೆದಳು ಅಂದರೆ ಯಾರು ನಂಬುತ್ತಾರೆ? ಶಾಲೆಯಲ್ಲಿ ಮಕ್ಕಳು ಒಂದೇ ಕೈಬರಹದ ರಜಾ ಚೀಟಿ ಹತ್ತು ಜನ ತಂದರೆ ಮೇಡಂ ಓದದೆ ಬುಟ್ಟಿಗೆ ಹಾಕುತ್ತಿದ್ದರು. ಅದೇ ನೆನಪಾಯಿತು. ಅದಕ್ಕೆ ನನ್ನ ಕೈಯಾರೆ ಬರೆದೆ. ನಾಲ್ಕು ದಿನ ಹಿಡಿಯಿತು. ಒಂದೂವರೆ ಹಾಳೆ. ನಿನ್ನ ಬಗ್ಗೆ ಒಳ್ಳೆಯದನ್ನೇ ಬರೆದಿದ್ದೀನಿ.

ಪಕ್ಕದ ಮನೆ ಲೊರೆಟಾ "ಸಹಿ ಹಾಕು ಅಂದ್ರೆ ಸಹಿ ಹಾಕು, ನೀನ್ಯಾವಾಗ ವಕೀಲೆ ಆದ್ಯೇ ಜೆನ್?" ಅಂತ ನಕ್ಕಳು. ಅವಳಿಗೇನು, ಮಕ್ಕಳಿಲ್ಲ ಮರಿಯಿಲ್ಲ.

ಪೋಸ್ಟ್ ಹಾಕಿದ ಮೇಲೆ ಆ ಡಬ್ಬದ ಹತ್ತಿರ ಇನ್ನೊಂದು ಸಲ ಹೋಗಿ ನೋಡಿ ಬಂದೆ. ಯಾಕೆ ಅಂತ ಗೊತ್ತಿಲ್ಲ. ವಿಳಾಸ ಸರಿಯಾಗಿಯೇ ಬರೆದಿದ್ದೀನಿ, ಮೂರು ಸಲ ನೋಡಿದ್ದೀನಿ.

ಅಮ್ಮ


ಸ್ಟ್ಯಾಮ್‌ಫರ್ಡ್
15 ಮಾರ್ಚ್ 2012

ಅಮ್ಮಾ,

ವಾಷಿಂಗ್ಟನ್ನಿಗೆ ಬರೆದ ಪತ್ರಗಳನ್ನೆಲ್ಲ ಅವರು ಇಂಟರ್‌ನೆಟ್‌ನಲ್ಲಿ ಹಾಕುತ್ತಾರೆ. ಎಲ್ಲವನ್ನೂ, ಹೆಸರಿನ ಸಮೇತ. ಲೋಕದಲ್ಲಿ ಯಾರು ಬೇಕಾದರೂ ಓದಬಹುದು. ನಿನಗೆ ಗೊತ್ತಿರಲಿಲ್ಲ ಅಂತ ನನಗೆ ಗೊತ್ತು. ಅದನ್ನು ಮೊದಲೇ ಬರೆದುಬಿಡ್ತೀನಿ.

ಒಬ್ಬ ಪತ್ರಕರ್ತ ಅದನ್ನು ಹುಡುಕಿ ತೆಗೆದ. ಸೋಮವಾರ ಬ್ಯಾಂಕಿನ ವಕೀಲರು ನನ್ನನ್ನು ಕರೆದರು. ಮೇಜಿನ ಮೇಲೆ ನಿನ್ನ ಕೈಬರಹ. 'ಏಳು ತಿಂಗಳು' ಅನ್ನೋದಕ್ಕೆ ಹಳದಿ ಬಣ್ಣ ಬಳಿದಿದ್ದರು. 'ಪರಿಚಯದವರು' ಅನ್ನೋದಕ್ಕೂ. ಅದರಲ್ಲಿ ಒಂದೂ ಸುಳ್ಳಿಲ್ಲ ಅಮ್ಮ. ಅದೇ ತೊಂದರೆ. ಗಿರಾಕಿಗೆಂದು ಇಟ್ಟ ಸರಕು ಅಂತ ಬ್ಯಾಂಕು ಸರ್ಕಾರಕ್ಕೆ ಬರೆದುಕೊಟ್ಟಿದೆ. ಗಿರಾಕಿಯೇ ಇರಲಿಲ್ಲ ಅಂತ ನೀನು ಬರೆದುಕೊಟ್ಟಿದ್ದೀಯ.

"ಇದನ್ನು ನಿಮ್ಮ ತಾಯಿಗೆ ಯಾರು ಹೇಳಿದರು?" ಅಂತ ಕೇಳಿದರು. ನಾನೇ. ಬಾಯಲ್ಲಿ ಎಲೆಕೋಸು ಇಟ್ಟುಕೊಂಡು.

ವಾಪಸ್ಸು ಬಂದಾಗ ನನ್ನ ಕುರ್ಚಿ ಮೇಲೆ ಶಾಲೆಯ ಊಟದ ತಟ್ಟೆ ಇಟ್ಟಿದ್ದರು, ಅದರಲ್ಲಿ ಮ್ಯಾಕರೋನಿ. "ಎತ್ತಬೇಡ ಟ್ಯಾಡ್, ಗಿರಾಕಿ ಬರ್ತಾರೆ, ಇನ್ನೂ ಆರು ತಿಂಗಳು ಇದೆ" ಅಂತ ಒಬ್ಬ ಕೂಗಿದ. ಇಡೀ ಸಾಲು ನಕ್ಕಿತು. ನಾನೂ ನಕ್ಕೆ.

ಸದ್ಯಕ್ಕೆ ಮನೆಯಲ್ಲಿರು ಅಂದಿದ್ದಾರೆ. ವಿಚಾರಣೆ ಆಗಬೇಕು. ನೀನು ಏನೂ ಮಾಡಬೇಡ. ದಯವಿಟ್ಟು ಏನೂ ಮಾಡಬೇಡ.

ಟ್ಯಾಡ್


ಬೇಯಾನ್, ನ್ಯೂಜೆರ್ಸಿ
19 ಮಾರ್ಚ್ 2012

ವಾಷಿಂಗ್ಟನ್ನಿನ ಅಧಿಕಾರಿಗಳಿಗೆ,

ಮಾನ್ಯರೇ, ಜನವರಿಯಲ್ಲಿ ನಾನು ಕಳಿಸಿದ ಪತ್ರವನ್ನು ದಯವಿಟ್ಟು ವಾಪಸ್ಸು ಕಳಿಸಿಕೊಡಿ. ಅಂಚೆಚೀಟಿ ಹಚ್ಚಿದ ಲಕೋಟೆ ಇಟ್ಟಿದ್ದೇನೆ. ಆ ಪತ್ರ ನಿಮಗೆ ಮಾತ್ರ ಎಂದು ತಿಳಿದಿದ್ದೆ. ಎಲ್ಲರೂ ನೋಡುವ ಕಡೆ ಅಂಟಿಸುತ್ತೀರಿ ಎಂದು ಗೊತ್ತಿದ್ದರೆ ಬರೆಯುತ್ತಿರಲಿಲ್ಲ.

ಅದರಲ್ಲಿ ತಪ್ಪಿದೆ. ಏಳು ತಿಂಗಳು ಎಂದು ನಾನು ತಪ್ಪಾಗಿ ಕೇಳಿಸಿಕೊಂಡಿರಬೇಕು. ಏಳು ದಿನ ಎಂದಿರಬಹುದು. ನನ್ನ ಮಗ ಬಾಯಿ ತುಂಬ ಊಟ ಇಟ್ಟುಕೊಂಡು ಮಾತಾಡುತ್ತಾನೆ, ಚಿಕ್ಕಂದಿನಿಂದಲೂ ಹಾಗೇ. ಗಿರಾಕಿಗಳೂ ಇದ್ದಿರಬಹುದು. ಬ್ಯಾಂಕಿನವರು ಅವನನ್ನು ಮನೆಯಲ್ಲಿ ಕೂರಿಸಿದ್ದಾರೆ. ತಪ್ಪು ಅವನದಲ್ಲ, ಬರೆದವಳದು. ಏನಾದರೂ ಶಿಕ್ಷೆ ಇದ್ದರೆ ನನಗೆ ಕೊಡಿ. ನನಗೆ ಅರವತ್ತೆಂಟು ವರ್ಷ, ಆರೋಗ್ಯ ಪರವಾಗಿಲ್ಲ.

ಜೆನೆವೀವ್ ಜಾರ್ನೆಕಿ


ವಾಷಿಂಗ್ಟನ್
6 ಏಪ್ರಿಲ್ 2012

ಶ್ರೀಮತಿ ಜಾರ್ನೆಕಿ ಅವರಿಗೆ,

ಪ್ರಸ್ತಾವಿತ ನಿಯಮದ ಬಗ್ಗೆ ತಮ್ಮ ಅಭಿಪ್ರಾಯವನ್ನು ತಿಳಿಸಿದ್ದಕ್ಕಾಗಿ ವಂದನೆಗಳು. ಸ್ವೀಕರಿಸಿದ ಎಲ್ಲಾ ಅಭಿಪ್ರಾಯಗಳು ಸಾರ್ವಜನಿಕ ಕಡತದ ಭಾಗವಾಗಿದ್ದು, ಅವುಗಳನ್ನು ಹಿಂದಿರುಗಿಸಲು ಅಥವಾ ತೆಗೆದುಹಾಕಲು ಅವಕಾಶವಿರುವುದಿಲ್ಲ.

ದಿನಾಂಕ 19 ಮಾರ್ಚ್‌ನ ತಮ್ಮ ಪತ್ರವು ನಿಗದಿತ ಅವಧಿಯ ನಂತರ ತಲುಪಿದ್ದರೂ ಅದನ್ನು ಸಹ ತಮ್ಮ ಎರಡನೆಯ ಅಭಿಪ್ರಾಯವೆಂದು ಪರಿಗಣಿಸಿ ಸಾರ್ವಜನಿಕ ಕಡತಕ್ಕೆ ಸೇರಿಸಲಾಗಿದೆ.

ತಮ್ಮ ಲಕೋಟೆಯನ್ನು ಇದರೊಂದಿಗೆ ಹಿಂದಿರುಗಿಸಲಾಗಿದೆ.

ಕಾರ್ಯದರ್ಶಿಯವರ ಕಚೇರಿ


ಬೇಯಾನ್
11 ಏಪ್ರಿಲ್ 2012

ಟ್ಯಾಡ್ ಮಗನೇ,

ಏನೂ ಮಾಡಬೇಡ ಅಂದಿದ್ದೆ. ಮಾಡಿಬಿಟ್ಟೆ. ಬೇರೆಯವರ ಬಾಯಿಂದ ನಿನಗೆ ಗೊತ್ತಾಗುವ ಮೊದಲು ನಾನೇ ಹೇಳುತ್ತೀನಿ. ಪತ್ರ ವಾಪಸ್ಸು ಕೊಡಿ ಅಂತ ಕೇಳಿ ಬರೆದೆ. ಆ ಕೇಳಿದ ಪತ್ರವನ್ನೂ ಅವರು ಅಲ್ಲೇ ಹಾಕಿದ್ದಾರೆ.

ಲೊರೆಟಾ ತನ್ನ ಕಂಪ್ಯೂಟರಿನಲ್ಲಿ ತೋರಿಸಿದಳು. ಮೊದಲು "ಬಾರೇ ಬಾ, ಸಿನಿಮಾ ತಾರೆ ಆಗ್ಬಿಟ್ಟಿದ್ದೀಯ" ಅಂತ ನಗುತ್ತಾ ಕರೆದವಳು, ಓದುತ್ತಾ ಓದುತ್ತಾ ನಗು ನಿಲ್ಲಿಸಿದಳು. ನನ್ನ ಅಕ್ಷರ, ನಾನು ಅಳಿಸಿ ತಿದ್ದಿದ್ದು, ಎಲ್ಲ ಹಾಗೇ ಕಾಣುತ್ತದೆ.

"ತೆಗಿ ಅದನ್ನ" ಅಂದೆ.

"ನಾನು ಮುಚ್ಚಿದ್ರೆ ನನ್ನ ಮನೇಲಿ ಮುಚ್ಕೊಳ್ಳುತ್ತೆ ಅಷ್ಟೇ ಕಣೇ. ಊರಲ್ಲೆಲ್ಲ ತೆರೆದೇ ಇರುತ್ತೆ."

"ರೈಲಲ್ಲಿ ವಾಷಿಂಗ್ಟನ್ನಿಗೇ ಹೋಗಿ ಕೇಳಿದ್ರೆ?"

"ಕೂತ್ಕೋ ಸುಮ್ನೆ. ನೀನು ಹೋಗಿ ಅತ್ರೆ ಅದನ್ನೂ ಮೂರನೇದು ಅಂತ ಹಾಕ್ತಾರೆ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು."

ಆಮೇಲೆ ಅವಳು ಇನ್ನೊಂದು ತೋರಿಸಿದಳು. ಅದನ್ನು ತೋರಿಸದೇ ಇದ್ದಿದ್ದರೆ ಚೆನ್ನಾಗಿತ್ತು. ನೀನು ಕಳಿಸಿದ್ದೆಯಲ್ಲ ಸಿದ್ಧ ಕಾಗದ, ಅಂಥವನ್ನು ಅವರು ಒಂದೊಂದಾಗಿ ಹಾಕುವುದೇ ಇಲ್ಲವಂತೆ. ಒಂದು ಮಾದರಿ ಹಾಕಿ, ಇದೇ ಒಕ್ಕಣೆಯವು ಇಷ್ಟು ಸಾವಿರ ಬಂದಿವೆ ಅಂತ ಕೆಳಗೆ ಬರೆಯುತ್ತಾರಂತೆ. ನೀನು ಹೇಳಿದ ಹಾಗೆ ಸಹಿ ಹಾಕಿದ್ದರೆ ನಾನು ಆ ಸಾವಿರದಲ್ಲಿ ಒಬ್ಬಳಾಗಿ ಅಡಗಿರುತ್ತಿದ್ದೆ. ಯಾರಿಗೂ ಕಾಣುತ್ತಿರಲಿಲ್ಲ.

ಇಷ್ಟು ವರ್ಷ ಎಲ್ಲದಕ್ಕೂ ಹೆದರಿದೆ. ಬಿಸಿಲಿಗೆ, ಬಸ್ಸಿಗೆ, ಬೆಂಕಿಗೆ, ನಿನ್ನ ಜ್ವರಕ್ಕೆ. ಪೋಸ್ಟ್ ಡಬ್ಬಕ್ಕೆ ಹೆದರಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ವಿಚಾರಣೆ ಏನಾಯಿತು? ಒಂದು ಸಾಲು ಬರೆ.

ಅಮ್ಮ


ಸ್ಟ್ಯಾಮ್‌ಫರ್ಡ್
20 ಜೂನ್ 2012

ಅಮ್ಮಾ,

ಕೆಲಸ ಹೋಯಿತು. ಬ್ಯಾಂಕಿನ ಗುಟ್ಟು ಹೊರಗೆ ಆಡಿದ್ದಕ್ಕೆ ಅಂತ ಕಾರಣ ಬರೆದಿದ್ದಾರೆ. ಸರಕು ಇಟ್ಟುಕೊಂಡಿದ್ದಕ್ಕಲ್ಲ, ಆ ಬಗ್ಗೆ ಕಾಗದದಲ್ಲಿ ಒಂದು ಅಕ್ಷರವೂ ಇಲ್ಲ. ಉಳಿದ ಐದು ಜನ ಅಲ್ಲೇ ಇದ್ದಾರೆ. ಫಲಕ ಮತ್ತೆ ಬದಲಾಯಿಸಿದ್ದಾರಂತೆ. ಆ ಏಳು ತಿಂಗಳ ಸರಕನ್ನು ಕೊನೆಗೆ ಮೇ ತಿಂಗಳಲ್ಲಿ ಮಾರಿದರು. ಒಳ್ಳೆ ಲಾಭ ಬಂತಂತೆ.

ಎರಡು ಕಡೆ ಕೆಲಸ ಕೇಳಿದೆ. ಎರಡೂ ಕಡೆ ಮೊದಲ ಮಾತೇ "ಓ, ಆ ತಾಯಿಯ ಮಗ ನೀವೇನಾ?"

ವಿಮೆ ಒಂದಷ್ಟು ತಿಂಗಳು ಮುಂದುವರಿಸಬಹುದು, ಪೂರ್ತಿ ಕಂತು ನಾವೇ ಕಟ್ಟಬೇಕು. ಮನೆ ಮಾರಾಟಕ್ಕೆ ಇಟ್ಟಿದ್ದೀವಿ.

ಸ್ವಲ್ಪ ಕಾಲ ಬರೆಯಬೇಡ. ಮೆರೆಡಿತ್‌ಗೂ ಬರೆಯಬೇಡ. ನಿನ್ನ ಮೇಲೆ ಕೋಪ ಇಲ್ಲ ಅಂತ ಬರೆಯೋಣ ಅಂತಿದ್ದೆ. ಬರೆದರೆ ಸುಳ್ಳಾಗುತ್ತೆ.

ಟ್ಯಾಡ್


ಬೇಯಾನ್
12 ಡಿಸೆಂಬರ್ 2012

ಟ್ಯಾಡ್‌ಗೆ,

ಇದು ಪತ್ರವಲ್ಲ. ಚರ್ಚಿನಲ್ಲಿ ಕೊಟ್ಟ, ಮನೆಯವರೆಲ್ಲ ಮುರಿದು ಹಂಚಿಕೊಳ್ಳುವ ತೆಳ್ಳನೆಯ ಕ್ರಿಸ್‌ಮಸ್ ರೊಟ್ಟಿಯ ಹಾಳೆ ಒಳಗಿದೆ, ಮೂಲೆಯಲ್ಲಿ ನನ್ನ ಪಾಲು ಮುರಿದುಕೊಂಡಿದ್ದೀನಿ. ಉಳಿದದ್ದು ನಿಮ್ಮ ಮೂವರದು. ಸಕ್ಕರೆ ಇರುವುದಿಲ್ಲ, ಟೆಸ್ಸಾ ತಿನ್ನಬಹುದು.

ಅಮ್ಮ


ವಾಟರ್‌ಬರಿ, ಕನೆಕ್ಟಿಕಟ್
5 ಜನವರಿ 2014

ಅಮ್ಮಾ,

ನೀನು ಕಳಿಸಿದ್ದ ರೊಟ್ಟಿ ಹಾಳೆ ಹಳೆ ಮನೆಯಿಂದ ಸುತ್ತಿಕೊಂಡು ಹೋದ ವರ್ಷ ಬೇಸಿಗೆಯಲ್ಲಿ ಬಂತು, ಪುಡಿಯಾಗಿತ್ತು. ಮೆರೆಡಿತ್ ಟೆಸ್ಸಾಳನ್ನು ಕರೆದುಕೊಂಡು ತನ್ನ ತಾಯಿ ಮನೆಗೆ ಹೋಗಿ ಆಗಲೇ ಮೂರು ತಿಂಗಳಾಗಿತ್ತು. ಅಲ್ಲಿ ಅವಳಿಗೆ ಶಾಲೆಯಲ್ಲಿ ಕೆಲಸ ಸಿಕ್ಕಿದೆ, ಮಗುವಿಗೆ ವಿಮೆಯೂ ಇದೆ. ಆ ವಿಷಯದ ಚಿಂತೆ ಬಿಡು. ನಾನು ಇಲ್ಲಿ ಕಾರಿನ ಅಂಗಡಿಯಲ್ಲಿ ಸಾಲದ ಅರ್ಜಿ ತುಂಬಿಸುತ್ತೀನಿ.

ನಿಯಮ ಕೊನೆಗೂ ಬಂತು, ಹೋದ ತಿಂಗಳು. ವಿವರಣೆ ಸೇರಿ ಒಂಬೈನೂರು ಚಿಲ್ಲರೆ ಪುಟ. ಗಿರಾಕಿಗಳು ಸದ್ಯದಲ್ಲಿ ಕೇಳಬಹುದು ಅಂತ ಅಂದಾಜು ಮಾಡಿ ಅಷ್ಟು ಸರಕು ಇಟ್ಟುಕೊಳ್ಳಬಹುದಂತೆ. ಅಂದಾಜು ಮಾಡುವವರು ಯಾರು? ಬ್ಯಾಂಕಿನವರೇ. ನಿನ್ನ ಮುನ್ನೂರು ತಟ್ಟೆಯ ಲೆಕ್ಕವನ್ನೇ ಅವರೂ ಹೇಳಿದ್ದಾರೆ, ಪುಟಗಟ್ಟಲೆ.

ಯಾರ ಪತ್ರದಿಂದ ಯಾವ ಮಾತು ತೆಗೆದುಕೊಂಡರು ಅಂತ ಪ್ರತಿ ಪುಟದ ಕೆಳಗೂ ಹಾಕಿದ್ದಾರೆ. ಬ್ಯಾಂಕುಗಳ ಹೆಸರು, ವಕೀಲರ ಹೆಸರು, ಪ್ರಾಧ್ಯಾಪಕರ ಹೆಸರು. ನಿನ್ನ ಹೆಸರು ಹುಡುಕಿದೆ. ಎಲ್ಲೂ ಇಲ್ಲ. ನನ್ನ ಮನೆ ಹೋದದ್ದಕ್ಕೆ ಬದಲಾಗಿ ಅವರ ಪುಟದಲ್ಲಿ ಒಂದು ಸಾಲಾದರೂ ಇರುತ್ತೆ ಅಂದುಕೊಂಡಿದ್ದೆ.

ಇದನ್ನು ತಿಳಿಸಬೇಕು ಅನ್ನಿಸಿತು. ಇನ್ನು ನೀನು ಇಲ್ಲಿಗೆ ಬರುವುದೂ ಬೇಡ, ಬರೆಯುವುದೂ ಬೇಡ. ನಿನ್ನ ಕೈಬರಹದ ಲಕೋಟೆ ಕಂಡರೆ ನನಗೆ ಆ ದಿನ ಪೂರ್ತಿ ಕೆಲಸ ಮಾಡೋಕಾಗಲ್ಲ.

ಟ್ಯಾಡ್


ಬೇಯಾನ್
10 ಜನವರಿ 2014

ಟ್ಯಾಡ್‌ಗೆ,

ಲಕೋಟೆಯ ಮೇಲೆ ಲೊರೆಟಾ ಕೈಲಿ ವಿಳಾಸ ಬರೆಸಿದ್ದೀನಿ, ನಿನ್ನ ಒಂದು ದಿನ ಹಾಳಾಗಬಾರದು ಅಂತ. ಬರಬೇಡ ಅಂದಿದ್ದೀಯ, ಬರುವುದಿಲ್ಲ. ಬರೆಯಬೇಡ ಅಂದಿದ್ದೀಯ, ಇದೇ ಕೊನೆ.

ನಿನ್ನ ಪತ್ರ ಓದಿ ನಾನು ಎರಡು ದಿನ ಒಂದನ್ನೇ ಯೋಚಿಸಿದೆ. ಒಂಬೈನೂರು ಪುಟ. ಪ್ರತಿ ಪುಟದ ಕೆಳಗೆ ಸಣ್ಣ ಅಕ್ಷರ. ಕಾರಿನ ಅಂಗಡಿಯಿಂದ ಬಂದು, ಒಬ್ಬನೇ ಕೂತು, ಒಂದೊಂದೇ ಪುಟ ತಿರುವಿ ನನ್ನ ಹೆಸರು ಹುಡುಕಿದ್ದಾನೆ, ಎಷ್ಟು ದಿನ ಹಿಡಿಯಿತೋ, ಕಣ್ಣು ಎಷ್ಟು ನೋಯಿತೋ ಅಂತ. ಚಿಂತೆಯೂ ಆಯಿತು, ಸುಳ್ಳು ಯಾಕೆ ಹೇಳಲಿ, ಸಂತೋಷವೂ ಆಯಿತು. ಲೊರೆಟಾಗೆ ಹೇಳಿದೆ.

ಅವಳು "ಪುಟ ತಿರುವೋದೇನೂ ಬೇಕಾಗಿಲ್ಲ ಕಣೇ ಜೆನ್. ಕಂಪ್ಯೂಟರಲ್ಲಿ ಹೆಸರು ಒತ್ತಿದ್ರೆ ಇದೆಯೋ ಇಲ್ವೋ ಅಂತ ಅದೇ ಹೇಳುತ್ತೆ. ಕಣ್ಣು ಮುಚ್ಚಿ ತೆರೆಯೋದ್ರೊಳಗೆ" ಅಂದಳು.

ಇರಲಿ. ಅಷ್ಟಾದರೂ ಒತ್ತಿದೆಯಲ್ಲ.

ಆದರೆ ಯಾವ ಹೆಸರು ಒತ್ತಿದೆ? ಜಾರ್ನೆಕಿ ಅಂತಲಾ? ಜಾರ್ನೆಕಿ ಅಂದರೆ ನೀನೂ ಹೌದು. ನಿನ್ನ ಹೆಸರು ಅಲ್ಲೂ ಸಿಕ್ಕಿಹಾಕಿಕೊಂಡಿದೆಯಾ ಅಂತ ಹೆದರಿ ಹುಡುಕಿರಬಹುದು. ಹುಡುಕಬೇಕಾದ್ದೇ, ತಪ್ಪಿಲ್ಲ. ಜೆನೆವೀವ್ ಅಂತ ಒತ್ತಿದ್ದರೆ ಅದು ಬೇರೆ, ಅದು ನಾನೊಬ್ಬಳೇ.

ಉತ್ತರ ಬರೆಯಬೇಡ. ನೀನು ಒತ್ತಿದ್ದು ಜೆನೆವೀವ್ ಅಂತಲೇ ಇಟ್ಟುಕೊಳ್ಳುತ್ತೀನಿ.

ಅಮ್ಮ